ಹಿಮ್ಮಡಿ ಮುಂದೆ

ಕಾರು ಕಲಿಸುವವರಲ್ಲಿ ಎರಡು ಬಗೆ. ಕೂಗಾಡುವವರು ಒಂದು ಬಗೆ. ಬಾಯಿ ಮುಚ್ಚಿಕೊಂಡು ತಮ್ಮ ಕಡೆಯ ಬ್ರೇಕ್ ಒತ್ತಿಬಿಡುವವರು ಇನ್ನೊಂದು ಬಗೆ. ಈ ಹೆಂಗಸು ಕೂಗುವುದನ್ನೂ ಬ್ರೇಕ್ ಒತ್ತುವುದನ್ನೂ ಒಟ್ಟಿಗೇ ಮಾಡುತ್ತಿದ್ದಳು. ಕಲಿಯಲು ಬಂದವರು ಮೇಡಂ ಅನ್ನಬೇಕೋ ಅಮ್ಮ ಅನ್ನಬೇಕೋ ತಿಳಿಯದೆ ಮೇಡಮ್ಮ ಅಂದರು, ಅದೇ ಹೆಸರಾಗಿ ನಿಂತುಬಿಟ್ಟಿತು. ಅವಳ ಬಿಳಿ ಕಾರಿನಲ್ಲಿ ಕಲಿಯುವವರ ಕಾಲಡಿ ಇರುವ ಹಾಗೆಯೇ ಪಕ್ಕದ ಸೀಟಿನ ಕೆಳಗೂ ಕ್ಲಚ್ಚು, ಬ್ರೇಕು ಎರಡೂ ಇದ್ದವು. ಅವಳ ಕಾಲು ಯಾವಾಗಲೂ ಅವುಗಳ ಮೇಲೆಯೇ. ನಾಯಿಯೊಂದು ಅಡ್ಡ ಬಂದದ್ದು ಕಲಿಯುವವರ ಕಣ್ಣಿಗೆ ಬೀಳುವಷ್ಟರಲ್ಲಿ ಕಾರು ನಿಂತಿರುತ್ತಿತ್ತು, ಮೇಡಮ್ಮನ ಬೈಗುಳ ಶುರುವಾಗಿರುತ್ತಿತ್ತು.

ಆದರೆ ಅವಳದೊಂದು ಪದ್ಧತಿ ಇತ್ತು. ಎದುರಿಗಿರುವವರು ನಿಜಕ್ಕೂ ಕಲಿತರು ಅಂತ ಅವಳಿಗೆ ಅನ್ನಿಸಿದ ದಿನ ಚಪ್ಪಲಿ ಬಿಟ್ಟು, ಎರಡೂ ಕಾಲು ಸೀಟಿನ ಮೇಲೆ ಎಳೆದುಕೊಂಡು, ಚಕ್ಕಳಮಕ್ಕಳ ಹಾಕಿ ಕೂತುಬಿಡುವಳು. ಇನ್ನು ನನ್ನ ಹತ್ತಿರ ಪೆಡಲಿಲ್ಲ, ನಡಿ ಅನ್ನುವಳು. ಅಷ್ಟೇ. ಅವತ್ತು ಕಾರು ಓಡಿಸಿದವರು ಲೈಸೆನ್ಸ್ ಸಿಕ್ಕಿದ ದಿನವನ್ನು ಮರೆತರೂ ಮೇಡಮ್ಮ ಕಾಲು ಮೇಲಿಟ್ಟ ದಿನವನ್ನು ಮರೆಯುತ್ತಿರಲಿಲ್ಲ. ಆ ಭಾಗ್ಯ ಸಿಗದವರೂ ಇದ್ದರು ಅನ್ನಿ. ಅವಳ ಗಂಡನೇ ಒಬ್ಬ. ಬಣ್ಣದಂಗಡಿಯಲ್ಲಿ ಬಣ್ಣ ಬೆರೆಸಿಕೊಡುವ ಆ ಮನುಷ್ಯ ಅವಳ ಮೊಟ್ಟಮೊದಲ ಶಿಷ್ಯ. ಕಾರು ಕೈಗೆ ಹತ್ತಲಿಲ್ಲ, ಕಲಿಸುವವಳು ಹೆಂಡತಿಯಾದಳು. ಇವತ್ತಿಗೂ ಬಸ್ಸಿನಲ್ಲೇ ಓಡಾಡುತ್ತಾನೆ.

ಅವರಿಗೆ ಒಬ್ಬಳೇ ಮಗಳು. ಮನೆಯಲ್ಲಿ ಅವಳನ್ನು ಗಾಲಿ ಅಂತ ಕರೆಯುತ್ತಿದ್ದರು, ಯಾಕೆಂದರೆ ಒಂದು ಕಡೆ ನಿಲ್ಲುವ ಪಿಂಡವಲ್ಲ ಅದು. ಗೇಟು ಇರುವುದು ವಯಸ್ಸಾದವರಿಗೆ ಅನ್ನುವ ಹಾಗೆ ಕಾಂಪೌಂಡು ಹಾರಿಯೇ ಬರುವಳು. ಮೆಟ್ಟಿಲು ಇಳಿಯುವುದೆಂದರೆ ಅವಳಿಗೆ ಧುಮುಕುವುದು. ಬೀದಿಯ ಮಕ್ಕಳ ಜೊತೆ ಚೆಂಡು ಒದೆಯಲು ನಿಂತರೆ ಮಿಕ್ಕವರು ಉಸ್ಸಪ್ಪಾ ಅಂತ ಕುಸಿದು ಕೂರುವ ತನಕ ಬಿಡುತ್ತಿರಲಿಲ್ಲ. ಸ್ಕೂಲು ಬಿಟ್ಟ ಮೇಲೆ ಮಾತ್ರ ಕಾರಿನ ಹಿಂದಿನ ಸೀಟಿನಲ್ಲಿ ಹೋಂವರ್ಕ್ ಹರಡಿಕೊಂಡು, ಮುಂದೆ ಅಮ್ಮ ಯಾರಿಗೋ ಮಂಗಳಾರತಿ ಮಾಡುವುದನ್ನು ಕೇಳುತ್ತಾ ಕೂರುವಳು. ಇವರಿಗೆ ಚಕ್ಕಳಮಕ್ಕಳ ಸಿಗುತ್ತೆ, ಅವರಿಗೆ ಸಿಗಲ್ಲ ಅಂತ ಅಮ್ಮನಿಗಿಂತ ಮೊದಲೇ ತೀರ್ಪು ಕೊಡುತ್ತಿದ್ದಳು. ಅವಳ ತೀರ್ಪು ತಪ್ಪಿದ್ದು ಕಡಿಮೆ.

ಹದಿಮೂರು ತುಂಬಿದ ವರ್ಷ ಗಾಲಿ ಎಡ ಮಂಡಿಯ ಮೇಲೆ ನೋವು ಅಂದಳು. ಕುಣಿಯೋರಿಗೆ ನೋವು ಬರದೆ ಇನ್ನೇನು ಬರುತ್ತೆ ಅಂತ ಮೇಡಮ್ಮ ಬೈದುಕೊಂಡೇ ಎಣ್ಣೆ ತಿಕ್ಕಿದಳು. ಆದರೆ ನೋವು ಆಟವಾಡಿದ ದಿನಕ್ಕೆ ಮಾತ್ರ ಬರುವಂಥದ್ದಾಗಿರಲಿಲ್ಲ. ಮಲಗಿದಾಗಲೂ ಎಬ್ಬಿಸುತ್ತಿತ್ತು, ಕೂತಲ್ಲೂ ಹಿಂಡುತ್ತಿತ್ತು. ಮಂಡಿಯ ಮೇಲೆ ಒಂದು ಬದಿಗೆ ಕಲ್ಲಿನ ಹಾಗೆ ಗಟ್ಟಿಯಾದ ಊತ. ಬಡಾವಣೆಯ ಡಾಕ್ಟರು ಎಕ್ಸ್-ರೇ ಬೆಳಕಿಗೆ ಹಿಡಿದು ನೋಡಿ, ಕೂಡಲೇ ಚೀಟಿ ಬರೆದುಕೊಟ್ಟರು. ಅಲ್ಲಿಂದ ದೊಡ್ಡಾಸ್ಪತ್ರೆ. ಅಲ್ಲಿನ ಮೂಳೆ ಡಾಕ್ಟರು ಸೂಜಿಯಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಬಂದ ಉತ್ತರವನ್ನು ಸುತ್ತಿ ಬಳಸದೆ ಹೇಳಿದರು. ಮೂಳೆಯ ಕ್ಯಾನ್ಸರ್. ತೊಡೆಮೂಳೆಯ ಕೆಳತುದಿಯಲ್ಲಿ, ಬೆಳೆಯುವ ಮಕ್ಕಳನ್ನೇ ಹುಡುಕಿಕೊಂಡು ಬರುವ ದರಿದ್ರ ರೋಗ.

ಮೇಡಮ್ಮ ಮೊದಲು ಕೇಳಿದ್ದು, ನಾನು ಎಣ್ಣೆ ತಿಕ್ಕಿದ್ದಕ್ಕೆ ಬಂತಾ ಅಂತ. ಅಲ್ಲ ಅಂದರು. ಗೋಡೆ ಹಾರಿದ್ದಕ್ಕಾ ಅಂದಳು. ಅದಕ್ಕೂ ಅಲ್ಲ ಅಂದರು. ಹಾಗಾದರೆ ಯಾರನ್ನು ಬೈಯಬೇಕು ಅಂತ ಆ ಹೆಂಗಸಿಗೆ ತಿಳಿಯಲಿಲ್ಲ. ಬೈಯಲು ಯಾರೂ ಸಿಗದ ದಿನ ಅವಳ ಬದುಕಿನಲ್ಲಿ ಅದೇ ಮೊದಲು.

ಡಾಕ್ಟರು ದಾರಿ ಹೇಳಿದರು. ಮೊದಲು ಔಷಧಿ, ಆಮೇಲೆ ಆಪರೇಷನ್, ಆಮೇಲೆ ಮತ್ತೆ ಔಷಧಿ. ಈ ರೋಗಕ್ಕೆ ಬರೀ ಕತ್ತಿ ಸಾಲದು. ಕಣ್ಣಿಗೆ ಕಾಣದ ಬೀಜಗಳು ರಕ್ತದಲ್ಲಿ ಹೊರಟು ಶ್ವಾಸಕೋಶದಲ್ಲಿ ಬೇರೂರಬಹುದು, ಅವನ್ನು ಸುಡುವುದು ಔಷಧಿಯ ಕೆಲಸ. ಬೇರೆ ಕೆಲವು ಕ್ಯಾನ್ಸರಿಗೆ ಕೊಡುವಂತೆ ಇದಕ್ಕೆ ವಿಕಿರಣ ಕೊಟ್ಟು ಮುಗಿಸುವಂತಿಲ್ಲ, ಇದು ಅದಕ್ಕೆಲ್ಲ ಬಗ್ಗುವ ಕುಳವಲ್ಲ ಅಂದರು. ಎದೆಯ ಸ್ಕ್ಯಾನಿನಲ್ಲಿ ಸದ್ಯಕ್ಕೆ ಏನೂ ಇಲ್ಲ ಅಂತಲೂ ಹೇಳಿದರು. ಆ ಒಂದು ಮಾತನ್ನು ಗಂಡಹೆಂಡಿರು ಗಟ್ಟಿಯಾಗಿ ಹಿಡಿದುಕೊಂಡರು.

ಔಷಧಿ ಹನಿ ಹನಿಯಾಗಿ ಇಳಿಯುತ್ತಿದ್ದ ವಾರ್ಡಿನಲ್ಲಿ ಗಾಲಿಯ ಕೂದಲು ದಿಂಬಿಗೆ ಅಂಟಿಕೊಂಡು ಬಂತು. ಬಾಯಿ ತುಂಬಾ ಹುಣ್ಣು, ನೀರು ನುಂಗಿದರೂ ಕಣ್ಣಲ್ಲಿ ನೀರು. ಬಣ್ಣದಂಗಡಿಯ ಅಪ್ಪ ಕೆಲಸ ಮುಗಿಸಿ ಬಂದು, ಉಗುರಿನಲ್ಲಿ ನೀಲಿಯೋ ಹಸಿರೋ ಉಳಿದ ಬೆರಳಿನಿಂದ ಅವಳ ಬೋಳುತಲೆ ಸವರುತ್ತಾ ಕೂರುವನು. ಮೇಡಮ್ಮ ಬೆಳಗಿನ ಪಾಠ ಮುಗಿಸಿ ಓಡಿ ಬರುವಳು. ನರ್ಸುಗಳಿಗೆ ಅವಳನ್ನು ಕಂಡರೆ ಹೆದರಿಕೆಯೂ ಹೌದು, ಪ್ರೀತಿಯೂ ಹೌದು. ಡ್ರಿಪ್ ಖಾಲಿಯಾಗುವ ಮೊದಲೇ ಕೂಗುತ್ತಿದ್ದಳು. ಮಗಳು ಕೆಮ್ಮುವ ಮೊದಲೇ ಬೇಸಿನ್ ಹಿಡಿಯುತ್ತಿದ್ದಳು. ಪಕ್ಕದ ಸೀಟಿನ ಪೆಡಲನ್ನು ಆಸ್ಪತ್ರೆಗೂ ಹೊತ್ತು ತಂದಿದ್ದಳು ನೋಡಿ.

ಆಪರೇಷನ್ನಿನ ಹೊತ್ತು ಹತ್ತಿರ ಬಂದಾಗ ಡಾಕ್ಟರು ಅಪ್ಪ ಅಮ್ಮನನ್ನು ತಮ್ಮ ಕೋಣೆಗೆ ಕರೆದು, ಒಂದು ಹಾಳೆಯಲ್ಲಿ ಕಾಲು ಬರೆದು ತೋರಿಸಿದರು. ಕಾಲನ್ನು ಮೇಲಿನಿಂದಲೇ ತೆಗೆದುಬಿಡುವುದು ಹಳೆಯ ದಾರಿ, ಅದು ಬೇಕಾಗಿಲ್ಲ. ಕೆಲವರಿಗೆ ರೋಗವಿರುವ ಮೂಳೆಯನ್ನೇ ಹೊರತೆಗೆದು, ವಿಕಿರಣದಿಂದಲೋ ಹೆಪ್ಪುಗಟ್ಟಿಸಿಯೋ ರೋಗವನ್ನು ಕೊಂದು, ಅದೇ ಮೂಳೆಯನ್ನು ವಾಪಸ್ ಕೂರಿಸುತ್ತೇವೆ. ಇವಳಿಗೆ ಕೀಲಿನ ತನಕ ತಿಂದುಹಾಕಿದೆ, ಅದು ಆಗದು. ಇನ್ನು ಉಳಿದದ್ದು ಎರಡು. ಒಂದು, ಮಂಡಿಯನ್ನೂ ಸೇರಿಸಿ ಕೆಟ್ಟ ಭಾಗ ತೆಗೆದು ಲೋಹದ ಮೂಳೆ, ಲೋಹದ ಕೀಲು ಕೂರಿಸುವುದು. ಇನ್ನೊಂದು.

ಆ ಇನ್ನೊಂದನ್ನು ಡಾಕ್ಟರು ಹಾಳೆಯ ಮೇಲೆ ಬೇರೆಯಾಗಿಯೇ ಬರೆದು ತೋರಿಸಿದರು. ಕೆಟ್ಟ ಭಾಗವನ್ನು ಮಂಡಿಯ ಸಮೇತ ತೆಗೆದು, ನರ ಮತ್ತು ರಕ್ತನಾಳ ಉಳಿಸಿಕೊಂಡು, ಕೆಳಗಿನ ಕಾಲನ್ನು ಹಿಂದುಮುಂದಾಗಿ ತಿರುಗಿಸಿ, ಮೇಲಕ್ಕೆ ತಂದು, ಉಳಿದ ತೊಡೆಮೂಳೆಗೆ ಜೋಡಿಸುವುದು. ಆಗ ಪಾದದ ಕೀಲು ಮಂಡಿಯ ಜಾಗಕ್ಕೆ ಬರುತ್ತದೆ. ಹಿಮ್ಮಡಿ ಮುಂದೆ, ಬೆರಳು ಹಿಂದೆ. ಆ ಪಾದವನ್ನು ಕೃತಕ ಕಾಲಿನೊಳಗೆ ತೂರಿಸಿದರೆ ಪಾದದ ಕೀಲೇ ಮಂಡಿಯಾಗಿ ಬಾಗುತ್ತದೆ, ಚಾಚುತ್ತದೆ. ಜೀವವಿರುವ ಮಂಡಿ. ರೋಗ ತೆಗೆಯುವುದರಲ್ಲಿ ಎರಡೂ ಒಂದೇ, ವ್ಯತ್ಯಾಸ ಇರುವುದು ಆಮೇಲಿನ ಬದುಕಿನಲ್ಲಿ ಅಂದರು.

ಮೇಡಮ್ಮ ಹಾಳೆಯ ಮೇಲಿನ ಆ ತಿರುಗಿದ ಪಾದವನ್ನು ನೋಡಿದಳು. "ಲೋಹದ್ದೇ ಹಾಕಿ," ಅಂದಳು. ಗಂಡ ಇನ್ನೂ ಉಗುಳು ನುಂಗುತ್ತಿದ್ದ, ಅವನ ಬಾಯಿಂದ ಮಾತು ಹೊರಡುವಷ್ಟರಲ್ಲಿ ಹೆಂಡತಿ ಎದ್ದು ನಿಂತಾಗಿತ್ತು. ಡಾಕ್ಟರು ಮಗಳನ್ನೂ ಒಂದು ಮಾತು ಕೇಳೋಣ ಅಂದದ್ದಕ್ಕೆ, ಅವಳಿಗೇನು ತಿಳಿಯುತ್ತೆ, ನಿನ್ನೆ ಮೊನ್ನೆ ಹುಟ್ಟಿದವಳು ಅಂದಳು.

ಡಾಕ್ಟರು ಮಾತ್ರ ಹಟಮಾರಿ. ಮರುದಿನ ಹಾಳೆ ಹಿಡಿದುಕೊಂಡು ವಾರ್ಡಿಗೇ ಬಂದರು. ಗಾಲಿ ದಿಂಬಿಗೆ ಒರಗಿ ಕೂತು ಎಲ್ಲ ಕೇಳಿಸಿಕೊಂಡಳು. ಅವಳಿಗೆ ಬೇಕಾಗಿದ್ದುದು ಒಂದೇ ಉತ್ತರ. ಓಡಬಹುದಾ? ಲೋಹದ್ದಾದರೆ ನಡೆಯಬಹುದು, ಈಜಬಹುದು, ಪ್ಯಾಂಟು ಹಾಕಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಓಡುವುದು, ಹಾರುವುದು ಬೇಡ, ಸವೆಯುತ್ತದೆ, ಸಡಿಲವಾಗುತ್ತದೆ, ಬೆಳೆಯುವ ವಯಸ್ಸಾದ್ದರಿಂದ ಮುಂದೆ ಮತ್ತೆ ಮತ್ತೆ ಆಪರೇಷನ್ ಬೀಳಬಹುದು. ತಿರುಗಿಸಿದ್ದಾದರೆ ಓಡು, ಹಾರು, ಬೀಳು, ನಿನ್ನ ಇಷ್ಟ. ಆದರೆ ಕೃತಕ ಕಾಲು ಬಿಚ್ಚಿಟ್ಟಾಗ ನೋಡಿದವರು ಬೆಚ್ಚಿ ಬೀಳುತ್ತಾರೆ, ಅದನ್ನು ಮುಚ್ಚಿಡದೆ ಹೇಳುತ್ತೇನೆ ಅಂದರು ಡಾಕ್ಟರು. ಗಾಲಿ ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಆಮೇಲೆ ತಿರುಗಿದ ಪಾದದ ಮೇಲೆ ಬೆರಳಿಟ್ಟು, ಇದು ಅಂದಳು.

ಅಲ್ಲಿಂದ ಶುರುವಾಯಿತು ನೋಡಿ ಮನೆಯೊಳಗಿನ ಯುದ್ಧ. ಮೇಡಮ್ಮನ ಅಕ್ಕ ವಿಷಯ ತಿಳಿದು ಓಡಿಬಂದು, ಹೆಣ್ಣುಹುಡುಗಿಗೆ ಹಿಂದುಮುಂದಾದ ಕಾಲು ಕಟ್ಟಿ ಕೂರಿಸ್ತೀರಾ, ನಿಮಗೇನು ತಲೆ ಕೆಟ್ಟಿದೆಯಾ ಅಂತ ಎಗರಾಡಿದಳು. ಅಕ್ಕ ಅಂದದ್ದೆಲ್ಲ ಮೇಡಮ್ಮನ ಹೊಟ್ಟೆಯೊಳಗೂ ಇತ್ತು, ಸುಳ್ಳು ಹೇಳಬಾರದು. ಜನ ನೋಡುವುದು, ನಗುವುದು, ಹುಡುಗಿ ಮೂಲೆ ಸೇರುವುದು ಎಲ್ಲ ಕಣ್ಣಿಗೆ ಕಟ್ಟುತ್ತಿತ್ತು. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಅವಳನ್ನು ಕೊರೆಯುತ್ತಿದ್ದುದು ಒಂದು ಪ್ರಶ್ನೆ. ನಾಳೆ ಇದೇ ಗಾಲಿ ಬೆಳೆದು ದೊಡ್ಡವಳಾಗಿ, ಕನ್ನಡಿಯ ಮುಂದೆ ನಿಂತು, ಅಮ್ಮಾ, ನಾನು ಚಿಕ್ಕವಳಿದ್ದೆ, ನೀನಾದರೂ ತಡೆಯಬಾರದಿತ್ತಾ ಅಂತ ಕೇಳಿದರೆ? ಆ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ಈಗಲೇ ಕೆಟ್ಟವಳಾಗುವುದು ಮೇಲು ಅಂತ ಅವಳ ಲೆಕ್ಕ. ಗಂಡ ಒಂದೇ ಒಂದು ಸಲ ಬಾಯಿಬಿಟ್ಟ. ಕಾಲು ಅವಳದು ಕಣೇ ಅಂದ. ಮೇಡಮ್ಮ ಅವನ ಮೇಲೆ ಹರಿಹಾಯ್ದಳು.

ಡಾಕ್ಟರು ಕೊನೆಯ ಉತ್ತರ ಕೇಳಲು ಬಂದ ದಿನ ಮೇಡಮ್ಮ ಮಂಚದ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸೊಂಟ ಬಿಗಿದು ಕೂತಿದ್ದಳು. ಮಗಳು ಬಾಯಿ ತೆರೆಯುವ ಮೊದಲೇ ಇವಳು ಶುರು ಮಾಡಿದಳು. ಮಕ್ಕಳು ಏನೋ ಹಟ ಮಾಡುತ್ತವೆ, ಹೆತ್ತವರಿಗೆ ಜವಾಬ್ದಾರಿ ಇದೆ, ಲೋಹದ್ದೇ ಇರಲಿ.

ಗಾಲಿ ಅಮ್ಮನ ಮುಖ ನೋಡಲಿಲ್ಲ. ಅವಳ ಪಾದ ನೋಡಿದಳು.

"ಅಮ್ಮ, ಚಪ್ಪಲಿ ಬಿಡು," ಅಂದಳು.

ಡಾಕ್ಟರಿಗೆ ಅರ್ಥವಾಗಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಅಪ್ಪನಿಗೆ ಅರ್ಥವಾಗಿ ಅವನು ಗೋಡೆಯ ಕಡೆ ತಿರುಗಿಕೊಂಡ.

"ಕಾಲು ಮೇಲಿಟ್ಕೋ ಅಮ್ಮ. ನನಗೆ ಬರುತ್ತೆ."

ಮೇಡಮ್ಮ ಎದ್ದು ಹೊರಗೆ ಹೋದಳು. ಸೀದಾ ಕೆಳಗಿಳಿದು, ಆಸ್ಪತ್ರೆಯ ಹಿಂದೆ ನಿಲ್ಲಿಸಿದ್ದ ಕಾರಿಗೆ ಹೋಗಿ, ತನ್ನ ಮಾಮೂಲಿ ಸೀಟಿನಲ್ಲಿ ಕೂತಳು. ಓಡಿಸುವ ಸೀಟು ಖಾಲಿ. ಕಾಲು ತಾನಾಗಿಯೇ ಹೋಗಿ ಬ್ರೇಕಿನ ಮೇಲೆ ಕೂತಿತು. ಇಂಜಿನ್ನೇ ಶುರುವಾಗದ ಕಾರಿನಲ್ಲಿ ಆ ಹೆಂಗಸು ಬ್ರೇಕನ್ನು ತನ್ನ ಶಕ್ತಿಯೆಲ್ಲ ಹಾಕಿ ಒತ್ತಿ ಹಿಡಿದು, ಬಿಕ್ಕಿ ಬಿಕ್ಕಿ ಅತ್ತಳು. ಎಷ್ಟೋ ಜನ ಅಪರಿಚಿತರ ಕೈಗೆ ತನ್ನ ಪ್ರಾಣ ಕೊಟ್ಟು ಕಾಲು ಮಡಿಚಿ ಕೂತವಳು, ಹೆತ್ತ ಮಗಳ ವಿಷಯದಲ್ಲಿ ಕಾಲು ತೆಗೆಯಲಾರದೆ ಹೋದೆನಲ್ಲ ಅಂತ ಅವಳಿಗೆ ನಾಚಿಕೆಯಾಯಿತು. ಗಾಲಿ ಹಟ ಮಾಡಿರಲಿಲ್ಲ. ಕೇಳಬೇಕಾದ್ದನ್ನು ಕೇಳಿ, ಅಳೆದು ನೋಡಿ ಹೇಳಿದ್ದಳು. ಬೇರೆ ಯಾರ ಮಕ್ಕಳಾಗಿದ್ದರೂ ಇವಳಿಗೆ ಬರುತ್ತೆ ಅಂತ ಮೇಡಮ್ಮ ಎಂದೋ ಹೇಳುತ್ತಿದ್ದಳು.

ಮುಖ ತೊಳೆದುಕೊಂಡು ಮೇಲೆ ಬಂದಾಗ ಡಾಕ್ಟರು ಇನ್ನೂ ಹೋಗಿರಲಿಲ್ಲ. ಮೇಡಮ್ಮ ಚಪ್ಪಲಿ ಬಿಟ್ಟಳು. ಆ ಕಿರುಗಾಲಿನ ಪ್ಲಾಸ್ಟಿಕ್ ಕುರ್ಚಿ ಕಿರ್ರೋ ಅನ್ನುವ ಹಾಗೆ ಎರಡೂ ಕಾಲು ಮೇಲೆಳೆದು ಚಕ್ಕಳಮಕ್ಕಳ ಹಾಕಿದಳು. ಮೂಗು ಏರಿಸಿಕೊಂಡು, "ನಡಿ," ಅಂದಳು.

ಆಪರೇಷನ್ ಬೆಳಕು ಹರಿಯುವಾಗ ಶುರುವಾಗಿ ಬೆಳಕು ಹೋಗುವ ತನಕ ನಡೆಯಿತು. ಮರುದಿನ ಬೆಳಿಗ್ಗೆ ಮೇಡಮ್ಮನನ್ನು ಒಳಗೆ ಬಿಟ್ಟರು. ಬೆರಳುಗಳ ಬಣ್ಣ ನೋಡುತ್ತಿರಿ, ಕೆಂಪಗೆ ಬೆಚ್ಚಗೆ ಇದ್ದರೆ ರಕ್ತ ಸರಿಯಾಗಿ ಓಡುತ್ತಿದೆ ಅಂತ ಅರ್ಥ ಅಂತ ನರ್ಸು ಹೇಳಿದ್ದೇ ತಡ, ಮೇಡಮ್ಮ ಹೊದಿಕೆಯ ತುದಿ ಎತ್ತಿ ಕೈ ಹಾಕಿದಳು. ಬೆರಳು ಸಿಗಲಿಲ್ಲ. ಗುಂಡಗೆ ಏನೋ ಸಿಕ್ಕಿತು. ಹಿಮ್ಮಡಿ. ಎಷ್ಟು ಜಗಳವಾಡಿ, ಎಷ್ಟು ಅತ್ತು ಒಪ್ಪಿಕೊಂಡದ್ದು ಆ ಕ್ಷಣಕ್ಕೆ ತಲೆಯಿಂದ ಹಾರಿಯೇ ಹೋಯಿತು. ಸಿಸ್ಟರ್, ಇವಳ ಪಾದ ಉಲ್ಟಾ ಕೂರಿಸಿಬಿಟ್ಟಿದ್ದಾರೆ ಅಂತ ಕೂಗಿಕೊಂಡು ಬಾಗಿಲ ತನಕ ಓಡಿದಳು. ನರ್ಸು ನಗು ತಡೆಯಲಾರದೆ ಔಷಧಿಯ ಟ್ರೇ ಕೆಳಗಿಟ್ಟಳು. ಅರೆನಿದ್ದೆಯಲ್ಲಿದ್ದ ಗಾಲಿ ಕಣ್ಣು ಬಿಡದೆ, ಸರಿಯಾಗೇ ಕೂರಿಸಿದ್ದಾರೆ ಅಮ್ಮ, ಹಿಂದಗಡೆ ಹುಡುಕು ಅಂದಳು. ಮೇಡಮ್ಮ ನಾಲಿಗೆ ಕಚ್ಚಿಕೊಂಡು ವಾಪಸ್ ಬಂದು ಹಿಂದಗಡೆ ಹುಡುಕಿದಳು. ಐದೂ ಬೆರಳು ಬೆಚ್ಚಗಿದ್ದವು.

ತೆಗೆದ ಮೂಳೆಯ ಪರೀಕ್ಷೆಯ ಉತ್ತರ ಬಂದ ದಿನ ಆ ಹೆಂಗಸಿನ ಜಂಭ ನೋಡಬೇಕಿತ್ತು. ಮೊದಲು ಕೊಟ್ಟ ಔಷಧಿಗೆ ಗೆಡ್ಡೆಯ ಎಷ್ಟು ಭಾಗ ಸತ್ತಿದೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತಾರಂತೆ. ನೂರಕ್ಕೆ ತೊಂಬತ್ತು ದಾಟಿದರೆ ಒಳ್ಳೆಯ ಸೂಚನೆ. ಇವಳದು ತೊಂಬತ್ತೆಂಟು. ಮೇಡಮ್ಮ ಅದನ್ನು ಪರೀಕ್ಷೆಯ ಮಾರ್ಕ್ಸು ಮಾಡಿಕೊಂಡಳು. ತೊಂಬತ್ತೆಂಟು ತಗೊಂಡಿದ್ದಾಳೆ ಅಂತ ಕಾರು ಕಲಿಯುವವರಿಗೆ ಹೇಳಿದಳು, ಪೆಟ್ರೋಲ್ ಹಾಕುವವನಿಗೆ ಹೇಳಿದಳು, ಎದುರುಮನೆಯವರಿಗೆ ಹೇಳಿದಳು. ಯಾವ ಸಬ್ಜೆಕ್ಟಿನಲ್ಲಿ ಅಂತ ಪೆಟ್ರೋಲ್ ಬಂಕಿನವನು ಕೇಳಿದ್ದಕ್ಕೆ, ಮೂಳೆ ಅಂದಳು. ಅಕ್ಕ ಫೋನಿನಲ್ಲಿ ಆ ಕಾಲಿನ ಮಾತೆತ್ತಿದಾಗ, ನಿನ್ನ ಮಕ್ಕಳು ಯಾವತ್ತಾದರೂ ಅರವತ್ತು ದಾಟಿದ್ದಾರಾ ಅಂತ ಕೇಳಿ ಫೋನಿಟ್ಟಳು.

ಔಷಧಿಯ ಎರಡನೇ ಸುತ್ತು ಮುಗಿದು, ಮೂಳೆ ಕೂಡಿಕೊಂಡು, ಕೃತಕ ಕಾಲು ಬಂದ ಮೇಲೆ ನಿಜವಾದ ಕಷ್ಟ ಶುರುವಾಯಿತು. ಕಾಲು ಹೇಳಿದ ಮಾತು ಕೇಳಲಿಲ್ಲ. ಹಿಡಿದು ನಡೆಯಲು ಹಾಕಿದ ಕಂಬಿಗಳ ನಡುವೆ ನಿಂತ ಗಾಲಿಗೆ ವ್ಯಾಯಾಮದ ಮೇಷ್ಟ್ರು ಮಂಡಿ ಚಾಚು ಅಂದರೆ, ಇಲ್ಲದ ಮಂಡಿಯನ್ನು ಹುಡುಕಿಕೊಂಡು ತಲೆ ಎಲ್ಲೋ ಹೋಗುತ್ತಿತ್ತು, ಪಾದ ಮೇಲಕ್ಕೆ ಮಡಿಚಿಕೊಳ್ಳುತ್ತಿತ್ತು, ಹುಡುಗಿ ಕುಸಿಯುತ್ತಿದ್ದಳು. ಬೆರಳನ್ನು ಕೆಳಕ್ಕೆ ಚಾಚು, ಅದೇ ಮಂಡಿ ಚಾಚಿದ ಹಾಗೆ ಅಂತ ಆತ ತಾಳ್ಮೆಯಿಂದ ಮತ್ತೆ ಮತ್ತೆ ಹೇಳಿಕೊಟ್ಟ. ಗಾಲಿಗೆ ತಿಳಿಯುತ್ತಿತ್ತು, ಕಾಲಿಗೆ ತಿಳಿಯುತ್ತಿರಲಿಲ್ಲ. ಕೊನೆಗೊಂದು ದಿನ ಸಿಟ್ಟಿನಿಂದ ಕಂಬಿಗೆ ಗುದ್ದಿ ಅತ್ತುಬಿಟ್ಟಳು. ಅಷ್ಟು ದಿನದಲ್ಲಿ ಅವಳು ಅತ್ತದ್ದು ಮೇಡಮ್ಮ ನೋಡಿದ್ದು ಕಮ್ಮಿ.

ಮೇಡಮ್ಮ ಬೆಂಚಿನ ಮೇಲೆ ಕೂತು ತನ್ನ ಪಾದವನ್ನು ನೆಲಕ್ಕೆ ಒತ್ತಿ ಎತ್ತಿ ಮಾಡುತ್ತಿದ್ದಳು. ಬೆರಳು ಕೆಳಕ್ಕೆ ಹೋದರೆ ಚಾಚುವುದು. ಮೇಲಕ್ಕೆ ಬಂದರೆ ಬಾಗುವುದು. ಎಡಗಾಲು. ಅರೆ, ಇದು ತನ್ನ ಹೊಟ್ಟೆಪಾಡಲ್ಲವೇ.

"ಕ್ಲಚ್ ಒತ್ತು," ಅಂದಳು.

ಹಿಂದಿನ ಸೀಟಿನಲ್ಲಿ ಕೂತು ಸಾವಿರ ಸಲ ಆ ಮಾತು ಕೇಳಿದ ಹುಡುಗಿಯ ಕಾಲು ತನ್ನಷ್ಟಕ್ಕೆ ತಾನೇ ಒತ್ತಿತು. ಕೃತಕ ಕಾಲು ನೆಟ್ಟಗಾಯಿತು. ನಿಧಾನಕ್ಕೆ ಬಿಡು ಅಂದಳು ಮೇಡಮ್ಮ. ಮಂಡಿ ಬಾಗಿತು. ವ್ಯಾಯಾಮದ ಮೇಷ್ಟ್ರು ಜೋರಾಗಿ ನಕ್ಕು, ನಾನು ಹೇಳಿದ್ದೂ ಅದನ್ನೇ ಅಲ್ಲವಾ ಅಂತ ಅಂದು, ಅಂದಿನಿಂದ ತಾನೂ ಕ್ಲಚ್ ಅಂತಲೇ ಕೂಗತೊಡಗಿದ. ಮೇಡಮ್ಮನನ್ನು ಮಾತ್ರ ಎರಡೇ ವಾರಕ್ಕೆ ಹೊರಗೆ ಕಳಿಸಬೇಕಾಯಿತು. ಒಂದೇ ಸಲ ಬಿಡ್ತೀಯಲ್ಲೇ, ಬಂಡಿ ಆಫ್ ಆಗಲ್ವಾ ಅಂತ ಅವಳು ಬೈಯುವುದಕ್ಕೆ ಮಗಳು ನಗುತ್ತಾ ನಗುತ್ತಾ ಬೀಳುತ್ತಿದ್ದಳು.

ಗಾಲಿ ನಡೆದಳು. ಆಮೇಲೆ ಕುಂಟುತ್ತಾ ಓಡಿದಳು. ಆಮೇಲೆ ಕುಂಟದೆ ಓಡಿದಳು ಅಂದರೆ ಸುಳ್ಳಾಗುತ್ತದೆ, ಒಂದು ಬಗೆಯ ಎಗರು ಆ ಓಟದಲ್ಲಿ ಉಳಿದೇ ಉಳಿಯಿತು. ಆದರೆ ಬೀದಿಯಲ್ಲಿ ಅವಳ ಹಿಂದೆ ಚೆಂಡಿಗೆ ಓಡಿದವರನ್ನು ಕೇಳಿ ನೋಡಿ, ಆ ಎಗರಿನ ಮುಂದೆ ತಾವು ಎಷ್ಟು ಸಲ ಮಣ್ಣು ಮುಕ್ಕಿದೆವು ಅಂತ ಅವರೇ ಹೇಳುತ್ತಾರೆ. ಮೇಡಮ್ಮ ಗೇಟಿನಲ್ಲಿ ನಿಂತು ನೋಡುವಳು. ಎದೆ ಉಬ್ಬುತ್ತಿತ್ತು. ಆದರೂ ಮಗಳಿಗೆ ಉದ್ದನೆಯ ಪ್ಯಾಂಟುಗಳನ್ನೇ ಹೊಲಿಸಿ ತಂದಿಡುವಳು. ಗಾಲಿ ಏನೂ ಅನ್ನದೆ ಹಾಕಿಕೊಳ್ಳುವಳು. ಅವಳು ಏನೂ ಅನ್ನದಿದ್ದುದೇ ಮೇಡಮ್ಮನಿಗೆ ಹೆದರಿಕೆ. ಆ ಪ್ರಶ್ನೆ ಇನ್ನೂ ಬಂದಿಲ್ಲ, ಬರುತ್ತದೆ ಅಂತ ಕಾಯುತ್ತಿದ್ದಳು.

ಗಾಲಿಗೆ ಹದಿನೇಳು ನಡೆಯುತ್ತಿದ್ದಾಗ, ಎಂದಿನ ತಪಾಸಣೆಗೆ ಹೋದ ದಿನ, ಎದೆಯ ಸ್ಕ್ಯಾನ್ ಈ ಸಲವೂ ಸ್ವಚ್ಛವಾಗಿದೆ ಅಂತ ಹೇಳಿದ ಮೇಲೆ ಡಾಕ್ಟರು ಒಂದು ಉಪಕಾರ ಕೇಳಿದರು. ಪಕ್ಕದ ಕೋಣೆಯಲ್ಲಿ ಒಬ್ಬ ತಂದೆ, ಅವನ ಮಗಳು ಕೂತಿದ್ದಾರೆ. ಅದೇ ರೋಗ, ಅದೇ ಜಾಗ, ಅದೇ ಎರಡು ದಾರಿ. ಚಿತ್ರ ತೋರಿಸಿದರೆ ತಂದೆ ಮುಖ ತಿರುಗಿಸುತ್ತಾರೆ. ನಿನಗೆ ಬೇಜಾರಿಲ್ಲದಿದ್ದರೆ ನಿನ್ನ ಕಾಲು ತೋರಿಸುತ್ತೀಯಾ? ಹೀಗೇ ಮಾಡಿ ಅಂತ ಹೇಳಬೇಡ, ಇರುವುದನ್ನು ಇದ್ದ ಹಾಗೆ ತೋರಿಸು, ಸಾಕು. ಮೇಡಮ್ಮ ಬಾಯಿ ತೆರೆಯುವ ಮೊದಲೇ ಗಾಲಿ ಎದ್ದು ಹೊರಟಿದ್ದಳು, ಡಾಕ್ಟರೂ ಮೇಡಮ್ಮನೂ ಅವಳ ಹಿಂದೆ ಹೋದರು.

ಆ ತಂದೆ ದೊಡ್ಡ ಹೋಟೆಲೊಂದರ ಅಡುಗೆಯವನಂತೆ, ತೋಳಿನ ತುಂಬಾ ಎಣ್ಣೆ ಸಿಡಿದ ಕಲೆಗಳು. ಪಕ್ಕದಲ್ಲಿ ಹನ್ನೊಂದರ ಹುಡುಗಿ, ಇನ್ನೂ ಉದುರದ ಎರಡು ಜಡೆ. ಗಾಲಿ ಎಲ್ಲರ ಎದುರಿಗೆ ಪ್ಯಾಂಟು ಕಳಚಿದಳು, ಒಳಗೆ ಚಡ್ಡಿ ಹಾಕಿಕೊಂಡೇ ಬಂದಿದ್ದಳು. ಕುರ್ಚಿಯಲ್ಲಿ ಕೂತು ಕೃತಕ ಕಾಲು ಬಿಚ್ಚಿ ಗೋಡೆಗೆ ಒರಗಿಸಿದಳು. ತೊಡೆಯ ಕೆಳಗೆ ಮಂಡಿ ಇರಬೇಕಾದಲ್ಲಿ ಹಿಮ್ಮಡಿ, ಹಿಂದಕ್ಕೆ ಚಾಚಿದ ಪಾದ, ಐದು ಬೆರಳು, ಸಣ್ಣದಾಗಿ ಕತ್ತರಿಸಿದ ಉಗುರು. ಅಡುಗೆಯವನು ಕಿಟಕಿಯ ಕಡೆ ತಿರುಗಿದ. ಮೇಡಮ್ಮನಿಗೆ ಮೈ ಉರಿಯಿತು. ನೋಡಯ್ಯಾ ಇತ್ತ, ನನ್ನ ಮಗಳ ಕಾಲಿನಲ್ಲಿ ಮುಖ ತಿರುಗಿಸುವಂಥದ್ದು ಏನಿದೆ ಅಂತ ನಾಲಿಗೆಯ ತುದಿಗೆ ಬಂತು. ಬಂದಮೇಲೆ ಅವಳಿಗೇ ಆಶ್ಚರ್ಯವಾಯಿತು. ಎರಡು ವರ್ಷ ಬಟ್ಟೆ ಹೊಲಿಸಿ ಮುಚ್ಚಿದ ಕೈ ತನ್ನದೇ ಅಲ್ಲವಾ.

ಜಡೆಯ ಹುಡುಗಿ ಮಾತ್ರ ಮುಖ ತಿರುಗಿಸಲಿಲ್ಲ. ಹತ್ತಿರ ಬಂದು ಬಗ್ಗಿ ನೋಡಿದಳು. ಗಾಲಿ ಬೆರಳು ಆಡಿಸಿದಳು. ಹುಡುಗಿ ಕಿಸಕ್ಕನೆ ನಕ್ಕು, ಮುಟ್ಟಲಾ ಅಂದಳು, ಮುಟ್ಟಿದಳು. ಓಡಕ್ಕಾಗುತ್ತಾ ಅಂದಳು. ಗಾಲಿ ಕಾಲು ಕಟ್ಟಿಕೊಂಡು ಆ ಕೋಣೆಯ ಗೋಡೆಯಿಂದ ಗೋಡೆಗೆ ಓಡಿ ತೋರಿಸಿದಳು. ನೋವಿರುತ್ತೆ ಅಂತ ಹೇಳಿದಳು, ಚರ್ಮ ಕಿತ್ತು ಬರುತ್ತೆ ಅಂತ ಹೇಳಿದಳು, ಈಜುಕೊಳದಲ್ಲಿ ಎಲ್ಲರೂ ಬಾಯಿಬಿಟ್ಟು ನೋಡ್ತಾರೆ, ಅವರು ನೋಡಿ ಮುಗಿಸೋ ತನಕ ನಾನು ಈಜ್ತಾ ಇರ್ತೀನಿ ಅಂತಲೂ ಹೇಳಿದಳು. ಈಜುಕೊಳದ ವಿಷಯ ಮೇಡಮ್ಮನಿಗೆ ಗೊತ್ತೇ ಇರಲಿಲ್ಲ.

ಅಡುಗೆಯವನು ಈಗ ಈ ಕಡೆ ತಿರುಗಿದ್ದ. ಕೇಳಲೋ ಬೇಡವೋ ಅಂತ ಸ್ವಲ್ಪ ಹೊತ್ತು ಕೈ ಉಜ್ಜಿಕೊಂಡ.

"ನೀನಾಗ ಚಿಕ್ಕವಳು," ಅಂದ. "ನಿಮ್ಮಮ್ಮ ಬೇಡ ಅನ್ನಬಹುದಿತ್ತು. ಅವರ ಮೇಲೆ ನಿನಗೆ ಸಿಟ್ಟು ಬರಲ್ವಾ?"

ಇಷ್ಟು ವರ್ಷ ಮೇಡಮ್ಮ ಕಾದ ಪ್ರಶ್ನೆ ಗುರುತುಪರಿಚಯವಿಲ್ಲದವನ ಬಾಯಿಂದ ಬಂತು. ಮಗಳ ಮುಖ ನೋಡುವ ಧೈರ್ಯ ಅವಳಿಗೆ ಆಗಲಿಲ್ಲ.

"ಬರುತ್ತೆ," ಅಂದಳು ಗಾಲಿ. "ಮೊದಲು ನನ್ನನ್ನ ಕೇಳದೆ ಲೋಹದ್ದು ಹಾಕಿ ಅಂತ ಹೇಳಿಬಿಟ್ಟಿದ್ಲು. ಅದಕ್ಕೆ ಇನ್ನೂ ಸಿಟ್ಟಿದೆ."

ಕಾಲಿನ ಪಟ್ಟಿಯನ್ನು ಎಳೆದು ಬಿಗಿ ಮಾಡಿಕೊಂಡಳು.

"ಆಮೇಲೆ ನನಗೇ ಬಿಟ್ಲು. ಅವಳಿಗೆ ಎಷ್ಟು ಭಯ ಇತ್ತು ಅಂತ ನಾನು ನೋಡಿದೀನಿ. ಎಲ್ಲರೂ ಈ ಕಾಲು ನೋಡಿ ನನಗೆ ಧೈರ್ಯ ಜಾಸ್ತಿ ಅಂತಾರೆ. ನಾನೇನು ಮಾಡಿದೆ, ಓಡಬೇಕು ಅಂದೆ ಅಷ್ಟೇ. ಧೈರ್ಯ ಮಾಡಿದ್ದು ನಮ್ಮಮ್ಮ. ಅಂಥ ಅಮ್ಮ ಎಲ್ಲರಿಗೂ ಇರಲ್ಲ."

ಇಷ್ಟು ದಿನ ಮೇಡಮ್ಮ ಮಗಳ ಬಗ್ಗೆ ಊರೆಲ್ಲ ಬೀಗುತ್ತಾ ತಿರುಗಿದ್ದಳು, ಮಗಳೂ ತನ್ನ ಬಗ್ಗೆ ಬೀಗಬಹುದು ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಅಡುಗೆಯವನು ಅವಳನ್ನೇ ನೋಡುತ್ತಿದ್ದ, ಏನಾದರೂ ಹೇಳುತ್ತಾಳೇನೋ ಅಂತ. ಮೇಡಮ್ಮ ತಲೆಯಾಡಿಸಿ, ಬಾಗಿಲು ತೆರೆದುಕೊಂಡು ಹೊರಗೆ ಬಂದಳು.

ಹೊರಗೆ ಬೆಂಚಿನ ಮೇಲೆ, ಕೈಗೆ ಹೊಸ ಬ್ಯಾಂಡೇಜು ಸುತ್ತಿಸಿಕೊಂಡ ಮುದುಕರೊಬ್ಬರು ಬಹಳ ಹೊತ್ತಿನಿಂದ ಕಾಯುತ್ತಿದ್ದರು. ಡಾಕ್ಟರು ಒಳಗಿದ್ದಾರಾ ತಾಯಿ ಅಂತ ಕೇಳಿದರು.

"ಇದ್ದಾರೆ," ಅಂದಳು ಮೇಡಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. "ನನ್ನ ಮಗಳು ಮಾತಾಡ್ತಿದಾಳೆ, ಅವರು ಕೇಳಿಸ್ಕೊತಿದಾರೆ. ಸ್ವಲ್ಪ ಕಾಯಬೇಕು ನೀವು."